ಜಾನಪದ ಸಂಗ್ರಹದ ದಾಖಲೆಗಳು: ನೋಡುವ ಮತ್ತು ತಿದ್ದುವ ಸರಳ ತಂತ್ರಾಂಶದ ವಿನ್ಯಾಸ

ಜಾನಪದ ಅಧ್ಯಯನದಲ್ಲಿ ಸಂಗ್ರಹಕಾರ್ಯಕ್ಕೆ ದೊರೆತಷ್ಟು ಗಮನ, ಸಂಗ್ರಹಗೊಂಡ ಸಾಮಗ್ರಿಯನ್ನು ಕಾಯ್ದಿಡುವ ವ್ಯವಸ್ಥೆಗೆ ದೊರೆತಿಲ್ಲವೆಂಬುದು ಈ ಕ್ಷೇತ್ರದಲ್ಲಿ ದುಡಿದವರಿಗೆಲ್ಲ ತಿಳಿದ ಸಂಗತಿ. ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳು, ಚೀಟಿಗಳು, ಧ್ವನಿಸುರುಳಿಗಳು ವಿದ್ವಾಂಸರ ಮನೆಯ ಅಟ್ಟಗಳಲ್ಲಿಯೂ ಅಧ್ಯಯನ ವಿಭಾಗಗಳ ಕಪಾಟುಗಳಲ್ಲಿಯೂ ಉಳಿದುಕೊಂಡಿವೆ. ಕಳೆದ ಎರಡು ಮೂರು ದಶಕಗಳಲ್ಲಿ ಇವುಗಳ ಒಂದು ಭಾಗ ಗಣಕಯಂತ್ರವನ್ನು ಸೇರಿದೆ. ಆದರೆ ಗಣಕಕ್ಕೆ ಸೇರಿಸುವುದೆಂದರೆ ಬೆರಳಚ್ಚು ಮಾಡಿಸುವುದು ಎಂದಷ್ಟೇ ನಾವು ಭಾವಿಸಿದಂತಿದೆ. ಸೇರಿದ ದಾಖಲೆಯನ್ನು ಯಾರು ನೋಡುತ್ತಾರೆ, ಯಾರು ತಿದ್ದುತ್ತಾರೆ, ತಿದ್ದಿದ ಮೇಲೆ ಹಳೆಯ ರೂಪ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ತಂತ್ರಜ್ಞರ ಪಾಲಿಗೆ ಬಿಟ್ಟಿದ್ದೇವೆ. ಇವು ತಂತ್ರಜ್ಞಾನದ ಪ್ರಶ್ನೆಗಳಷ್ಟೇ ಅಲ್ಲ, ಪಾಠನಿಷ್ಠೆಯ ಪ್ರಶ್ನೆಗಳೂ ಹೌದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜಾನಪದ ಸಂಗ್ರಹವೊಂದರ ದಾಖಲೆಗಳನ್ನು ನೋಡಲು ಮತ್ತು ತಿದ್ದಲು ಬೇಕಾದ ಸರಳ ತಂತ್ರಾಂಶ ಹೇಗಿರಬೇಕೆಂಬುದನ್ನು ಇಲ್ಲಿ ಹಂತಹಂತವಾಗಿ ಪರಿಶೀಲಿಸಲಾಗಿದೆ.

1. ಒಂದು ಅನುಭವ

ಈ ವಿಷಯದತ್ತ ನನ್ನನ್ನು ತಿರುಗಿಸಿದ ಘಟನೆಯೊಂದನ್ನು ಮೊದಲು ಹೇಳುವುದು ಉಚಿತ. 2005ರ ಸುಮಾರಿನಲ್ಲಿ ಕೊಳ್ಳೇಗಾಲದ ಸುತ್ತಿನ ಹಳ್ಳಿಗಳಲ್ಲಿ ಸೋಬಾನೆ ಪದಗಳನ್ನು ಸಂಗ್ರಹಿಸುತ್ತಿದ್ದೆ. ಆ ಭಾಗದ ಆಡುನುಡಿಯಲ್ಲಿ ಪದಾದಿಯ ಹಕಾರ ಬಿದ್ದುಹೋಗುವುದು ಸಾಮಾನ್ಯ. ‘ಹಾಲು’ ಅಲ್ಲಿ ‘ಆಲು’, ‘ಹೂವು’ ಅಲ್ಲಿ ‘ಊವು’, ‘ಹಕ್ಕಿ’ ಅಲ್ಲಿ ‘ಅಕ್ಕಿ’. ಒಬ್ಬ ಹಿರಿಯ ಹಾಡುಗಾರ್ತಿ ಹಾಡಿದ ಪದದಲ್ಲಿ ‘ಅಕ್ಕಿ’ ಎಂದು ಬಂದಾಗ, “ಯಾವ ಅಕ್ಕಿ, ಅವ್ವಾ?” ಎಂದು ಕೇಳಿದೆ. ಅವರು ನಕ್ಕು, “ಉಣ್ಣೋ ಅಕ್ಕಿ ಅಲ್ಲ ಕನಾ ಮಗ, ಆರೋ ಅಕ್ಕಿ” ಎಂದರು. ಅದನ್ನು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ. ಪದವನ್ನು ಮಾತ್ರ ಹಾಡಿದಂತೆಯೇ ‘ಅಕ್ಕಿ’ ಎಂದು ಬರೆದೆ.

ಕೆಲವು ವರ್ಷಗಳ ತರುವಾಯ ಆ ಹಾಡುಗಳು ಬೇರೆ ಪ್ರದೇಶಗಳ ಹಾಡುಗಳೊಡನೆ ಒಂದು ಸಂಸ್ಥೆಯ ಗಣಕವನ್ನು ಸೇರಿದವು. ಸಂಗ್ರಹವನ್ನು ಬಳಸಿಕೊಂಡು ಮದುವೆಯ ಹಾಡುಗಳಲ್ಲಿನ ಪಕ್ಷಿ ಪ್ರತಿಮೆಗಳ ಕುರಿತು ಬರೆಯುತ್ತಿದ್ದ ಸಂಶೋಧನಾ ವಿದ್ಯಾರ್ಥಿಯೊಬ್ಬರು, ಸೇಸೆ ಇಡುವ ಸಂದರ್ಭದ ಹಾಡುಗಳಲ್ಲಿ ಇಷ್ಟೊಂದು ಹಕ್ಕಿಗಳು ಏಕೆ ಬರುತ್ತವೆ ಎಂದು ನನ್ನನ್ನು ಕೇಳಿದರು. ತೆರೆದು ನೋಡಿದರೆ, ತೊಳೆದು ಮೊರದಲ್ಲಿ ಹರಡಿದ ಅಕ್ಕಿಯೂ ಹಕ್ಕಿಯಾಗಿತ್ತು. ದಾಖಲಾತಿಗೆ ನೆರವಾಗುತ್ತಿದ್ದವರೊಬ್ಬರು, ಹುಡುಕುವವರಿಗೆ ಅನುಕೂಲವಾಗಲೆಂಬ ಸದುದ್ದೇಶದಿಂದ, ‘ಅಕ್ಕಿ’ ಎಂಬುದನ್ನೆಲ್ಲ ಒಂದೇ ಆದೇಶದಲ್ಲಿ ‘ಹಕ್ಕಿ’ ಎಂದು ಬದಲಿಸಿದ್ದರು.

ಎಲ್ಲ ಹಕ್ಕಿಗಳನ್ನೂ ಮತ್ತೆ ಅಕ್ಕಿ ಮಾಡಿದರೆ ಸರಿಹೋಗುತ್ತಿತ್ತೇ? ಇಲ್ಲ. ಅದೇ ಸಂಗ್ರಹದಲ್ಲಿ ಹಕಾರವನ್ನು ಸ್ಪಷ್ಟವಾಗಿ ಉಚ್ಚರಿಸುವ ಬೇರೆ ಪ್ರದೇಶಗಳ ಹಾಡುಗಾರ್ತಿಯರೂ ಇದ್ದರು. ಅವರ ‘ಹಕ್ಕಿ’ ಯಾವುದು, ಆದೇಶದಿಂದ ಹುಟ್ಟಿದ ‘ಹಕ್ಕಿ’ ಯಾವುದು ಎಂದು ತಿಳಿಸುವ ಯಾವ ಗುರುತೂ ದಾಖಲೆಯಲ್ಲಿ ಉಳಿದಿರಲಿಲ್ಲ. ತಿದ್ದಿದವರನ್ನು ಇದಕ್ಕೆ ದೂಷಿಸಲಾಗದು. ಪದದ ಅರ್ಥವನ್ನು ಬರೆಯಲು ಆ ತಂತ್ರಾಂಶದಲ್ಲಿ ಜಾಗವಿರಲಿಲ್ಲ. ಇದ್ದ ಜಾಗ ಒಂದೇ, ಅದು ಪದ ಕುಳಿತಿದ್ದ ಜಾಗ. ದೋಷ ವ್ಯಕ್ತಿಯದಲ್ಲ, ವಿನ್ಯಾಸದ್ದು.

2. ಚೀಟಿಯಿಂದ ಕೋಷ್ಟಕಕ್ಕೆ

ದತ್ತಸಂಚಯದ ಮೂಲ ಘಟಕ ದಾಖಲೆ. ಗ್ರಂಥಾಲಯದ ಸೂಚಿಯಲ್ಲಿ ಒಂದು ಚೀಟಿ ಇದ್ದಂತೆ ಇಲ್ಲಿ ಒಂದು ದಾಖಲೆ. ಚೀಟಿಯ ಮೇಲಿನ ಒಂದೊಂದು ವಿವರವೂ ಒಂದೊಂದು ಅಂಕಣ. ಗಣಕ ಪರಿಭಾಷೆಯಲ್ಲಿ ಇದನ್ನು ‘ಕ್ಷೇತ್ರ’ ಎಂದು ಕರೆಯುವ ರೂಢಿಯುಂಟು. ಆದರೆ ಜಾನಪದದಲ್ಲಿ ಕ್ಷೇತ್ರವೆಂದರೆ ಬೇರೆಯೇ ಅರ್ಥವಿರುವುದರಿಂದ ಇಲ್ಲಿ ‘ಅಂಕಣ’ ಎಂಬ ಪದವನ್ನು ಬಳಸಲಾಗಿದೆ. ಒಂದೇ ಬಗೆಯ ದಾಖಲೆಗಳ ಸಮೂಹ ಕೋಷ್ಟಕ.

ಎಲ್ಲ ವಿವರಗಳನ್ನೂ ಒಂದೇ ಕೋಷ್ಟಕದಲ್ಲಿ ತುಂಬುವುದು ಆರಂಭದಲ್ಲಿ ಸುಲಭವೆನಿಸುತ್ತದೆ. ಆದರೆ ಒಬ್ಬ ಹಾಡುಗಾರ್ತಿ ನಲವತ್ತು ಹಾಡು ಹಾಡಿದ್ದರೆ ಅವರ ಹೆಸರು, ಊರು, ವಯಸ್ಸುಗಳನ್ನು ನಲವತ್ತು ಬಾರಿ ಬರೆಯಬೇಕಾಗುತ್ತದೆ. ನಲವತ್ತರಲ್ಲಿ ಮೂರು ಕಡೆ ಹೆಸರಿನ ಕಾಗುಣಿತ ಬದಲಾದರೆ, ಗಣಕದ ಲೆಕ್ಕದಲ್ಲಿ ಒಬ್ಬರು ಇಬ್ಬರಾಗುತ್ತಾರೆ. ಇದಕ್ಕೆ ಪರಿಹಾರವನ್ನು ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಸಂಬಂಧಾತ್ಮಕ ಮಾದರಿಯಲ್ಲಿ ಕಾಣುತ್ತೇವೆ. ಒಂದು ಸಂಗತಿಯನ್ನು ಒಂದೇ ಕಡೆ ಬರೆದು, ಉಳಿದ ಕಡೆಗಳಲ್ಲಿ ಅದರ ಗುರುತುಸಂಖ್ಯೆಯನ್ನು ಮಾತ್ರ ಇಡುವುದು ಈ ಮಾದರಿಯಿಂದ ರೂಪುಗೊಂಡ ವಿನ್ಯಾಸಕ್ರಮದ ತಿರುಳು.

ಈ ದೃಷ್ಟಿಯಿಂದ ಜಾನಪದ ಸಂಗ್ರಹವೊಂದಕ್ಕೆ ಕನಿಷ್ಠ ನಾಲ್ಕು ಕೋಷ್ಟಕಗಳು ಅಗತ್ಯ: ವಕ್ತೃಗಳು, ಸ್ಥಳಗಳು, ಧ್ವನಿಮುದ್ರಣಗಳು ಮತ್ತು ಪಠ್ಯಗಳು. ಪಠ್ಯವು ತಾನು ಬಂದ ಧ್ವನಿಮುದ್ರಣದ ಸಂಖ್ಯೆಯನ್ನೂ, ಧ್ವನಿಮುದ್ರಣವು ವಕ್ತೃ ಹಾಗೂ ಸ್ಥಳಗಳ ಸಂಖ್ಯೆಗಳನ್ನೂ ಹೊಂದಿರುತ್ತದೆ. ಮೇಳದ ಹಾಡುಗಾರಿಕೆಯಲ್ಲಿ ಒಂದು ಮುದ್ರಣಕ್ಕೆ ಹಲವರು ವಕ್ತೃಗಳಿರುವುದರಿಂದ, ಅವರನ್ನು ಜೋಡಿಸುವ ಸಣ್ಣ ಕೋಷ್ಟಕವೊಂದು ಹೆಚ್ಚುವರಿಯಾಗಿ ಬೇಕಾಗುತ್ತದೆ.

ಗುರುತುಸಂಖ್ಯೆಗೆ ಅರ್ಥವನ್ನು ಅಂಟಿಸಬಾರದು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಜಿಲ್ಲೆಯ ಹೆಸರನ್ನೋ ಹಾಡಿನ ಪ್ರಕಾರವನ್ನೋ ಸಂಖ್ಯೆಯೊಳಗೆ ಸೇರಿಸಿದರೆ, ಜಿಲ್ಲೆ ಬದಲಾದಾಗ ಅಥವಾ ಪ್ರಕಾರದ ಕುರಿತ ನಮ್ಮ ಅಭಿಪ್ರಾಯ ಬದಲಾದಾಗ ಸಂಖ್ಯೆಯೇ ಸುಳ್ಳಾಗುತ್ತದೆ. ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸುವುದು ಈ ಸಂಖ್ಯೆಯನ್ನೇ ಆದ್ದರಿಂದ ಅದು ಎಂದೂ ಬದಲಾಗಬಾರದು, ಅಳಿಸಿದ ದಾಖಲೆಯ ಸಂಖ್ಯೆ ಇನ್ನೊಂದಕ್ಕೆ ಹೋಗಬಾರದು.

3. ನೋಡುವ ತೆರೆ

ತಂತ್ರಾಂಶದ ಮೊದಲ ಕೆಲಸ ತೋರಿಸುವುದು. ಇದಕ್ಕೆ ಎರಡು ನೋಟಗಳು ಸಾಕು. ಪಟ್ಟಿಯ ನೋಟದಲ್ಲಿ ಒಂದು ದಾಖಲೆಗೆ ಒಂದು ಸಾಲು. ಸಂಖ್ಯೆ, ಮೊದಲ ಸಾಲು, ಪ್ರಕಾರ, ವಕ್ತೃ, ಊರು, ವರ್ಷ ಇಷ್ಟೇ ವಿವರ. ಸಾಲನ್ನು ಆರಿಸಿದರೆ ಆ ದಾಖಲೆಯ ಪೂರ್ಣ ವಿವರವುಳ್ಳ ನಮೂನೆಯ ನೋಟ ತೆರೆಯುತ್ತದೆ. ಹಿಂದಿನದು, ಮುಂದಿನದು ಎಂಬ ಗುಂಡಿಗಳು ಚೀಟಿಗಳನ್ನು ಮಗುಚುವ ಕೆಲಸ ಮಾಡುತ್ತವೆ. ಸಾವಿರಾರು ದಾಖಲೆಗಳನ್ನು ಒಮ್ಮೆಗೇ ತೆರೆಗೆ ತರುವ ಬದಲು ಐವತ್ತರಂತೆ ಪುಟ ಮಾಡಿ ತಂದರೆ ಹಳೆಯ ಗಣಕದಲ್ಲಿಯೂ ತಂತ್ರಾಂಶ ಚುರುಕಾಗಿ ನಡೆಯುತ್ತದೆ. ಒಟ್ಟು ಎಷ್ಟು ದಾಖಲೆಗಳಲ್ಲಿ ಎಷ್ಟನೆಯದನ್ನು ನೋಡುತ್ತಿದ್ದೇವೆ ಎಂಬುದು ತೆರೆಯ ಮೇಲೆ ಸದಾ ಕಾಣುತ್ತಿರಬೇಕು.

ವಿಂಗಡಣೆಯಲ್ಲಿ ಒಂದು ಸಾಮಾನ್ಯ ತಪ್ಪು ನುಸುಳುತ್ತದೆ. ಸುರುಳಿಗಳ ಸಂಖ್ಯೆಯನ್ನು ಅಕ್ಷರರೂಪದಲ್ಲಿ ಸಂಗ್ರಹಿಸಿದರೆ 10ನೆಯ ಸುರುಳಿ 2ನೆಯದಕ್ಕಿಂತ ಮೊದಲು ಬಂದು ಕೂರುತ್ತದೆ. ಸಂಖ್ಯೆಯ ಅಂಕಣ ಸಂಖ್ಯೆಯಾಗಿಯೇ ಇರಬೇಕು.

ಕನ್ನಡದಲ್ಲಿ ಹುಡುಕಾಟಕ್ಕೆ ವಿಶೇಷ ಎಚ್ಚರ ಅಗತ್ಯ. ಯೂನಿಕೋಡ್ ಬಳಕೆಗೆ ಬರುವ ಮೊದಲು ಬೆರಳಚ್ಚಾದ ಕಡತಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕುಳಿತಿರುತ್ತವೆ. ಆಯಾ ಅಕ್ಷರಶೈಲಿ ಗಣಕದಲ್ಲಿ ಇಲ್ಲದಿದ್ದರೆ ಕನ್ನಡವೇ ಕಾಣುವುದಿಲ್ಲ. ಅಂತಹವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು, ಪರಿವರ್ತನೆಯ ನಂತರವೂ ಮೂಲ ಕಡತವನ್ನು ಉಳಿಸಿಕೊಳ್ಳಬೇಕು. ಯೂನಿಕೋಡಿನಲ್ಲಿಯೂ ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಲು ಸಾಧ್ಯ. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ಹಾಗೆಯೇ ‘ಸೂರ್ಯ’ ಎಂಬುದನ್ನು ಅರ್ಕಾವೊತ್ತಿನಿಂದ ಬರೆದಾಗ ಒಂದು, ರಕಾರಕ್ಕೆ ಯಕಾರದ ಒತ್ತು ಕೊಟ್ಟು ಬರೆದಾಗ ಇನ್ನೊಂದು ಸಂಕೇತಸರಣಿ ಬರುತ್ತದೆ. ಆದುದರಿಂದ ಹುಡುಕುವ ಪದವನ್ನೂ ಹುಡುಕಲ್ಪಡುವ ಪಠ್ಯವನ್ನೂ ಒಂದೇ ಕ್ರಮಕ್ಕೆ ತಂದು ಹೋಲಿಸುವ ಏರ್ಪಾಡು ತಂತ್ರಾಂಶದೊಳಗೆ ಇರಬೇಕು. ಈ ಕ್ರಮಬದ್ಧ ರೂಪವನ್ನು ಪ್ರತ್ಯೇಕ ಅಂಕಣದಲ್ಲಿಡುವುದು ಒಳಿತು, ಮೂಲಪಠ್ಯವನ್ನು ಮುಟ್ಟಬೇಕಾಗಿಲ್ಲ.

4. ತಿದ್ದುವ ತೆರೆ

ನೋಡುವ ತೆರೆಯಲ್ಲಿಯೇ ತಿದ್ದಲು ಅವಕಾಶವಿದ್ದರೆ, ಕೈತಪ್ಪಿ ಒತ್ತಿದ ಒಂದು ಅಕ್ಷರವೂ ದಾಖಲೆಯನ್ನು ಸೇರಿಬಿಡುತ್ತದೆ. ಆದ್ದರಿಂದ ದಾಖಲೆ ಮೊದಲು ಓದಲು ಮಾತ್ರ ತೆರೆಯಬೇಕು. ‘ತಿದ್ದು’ ಎಂಬ ಗುಂಡಿಯನ್ನು ಒತ್ತಿದ ಮೇಲೆ ಅಂಕಣಗಳು ತೆರವಾಗಬೇಕು. ಆಗ ತೆರೆಯ ಬಣ್ಣ ಬದಲಾಗುವುದು ಒಳ್ಳೆಯದು. ‘ಉಳಿಸು’, ‘ಕೈಬಿಡು’ ಎಂಬ ಎರಡೇ ದಾರಿಗಳಿರಬೇಕು. ತಿದ್ದುಪಡಿ ಅರ್ಧದಲ್ಲಿರುವಾಗ ಮುಂದಿನ ದಾಖಲೆಗೆ ಹೋಗಲು ಯತ್ನಿಸಿದರೆ ತಂತ್ರಾಂಶ ತಡೆದು ಕೇಳಬೇಕು.

ತುಂಬಿದ ವಿವರಗಳನ್ನು ಪರಿಶೀಲಿಸುವಾಗ ತಂತ್ರಾಂಶ ಕಠೋರವಾಗಬಾರದು. ವಕ್ತೃವಿನ ವಯಸ್ಸು ಎಂಬ ಅಂಕಣ ಅಂಕಿಯನ್ನಷ್ಟೇ ಒಪ್ಪುವುದಾದರೆ, “ಅರವತ್ತರ ಮೇಲಿರಬಹುದು” ಎಂಬ ಮಾತು ‘60’ ಎಂಬ ಸುಳ್ಳು ನಿಖರತೆಯಾಗಿ ಮಾರ್ಪಡುತ್ತದೆ. ದಿನಾಂಕದ ವಿಷಯವೂ ಅಷ್ಟೇ. “ಯುಗಾದಿಯ ಮಾರನೆಯ ದಿನ” ಎಂಬುದನ್ನು ಹೇಳಿದಂತೆಯೇ ಒಂದು ಅಂಕಣದಲ್ಲಿಟ್ಟು, ಲೆಕ್ಕ ಹಾಕಿದ ದಿನಾಂಕವನ್ನು ಪಕ್ಕದ ಅಂಕಣದಲ್ಲಿಡಬೇಕು. ಖಾಲಿ ಅಂಕಣಕ್ಕೂ ಅರ್ಥಗಳಿವೆ: ನಾವು ಕೇಳಲಿಲ್ಲ, ಕೇಳಿದೆವು, ಅವರಿಗೆ ತಿಳಿದಿರಲಿಲ್ಲ, ತಿಳಿದಿತ್ತು, ಹೇಳಲು ಒಪ್ಪಲಿಲ್ಲ. ಈ ಮೂರನ್ನೂ ಒಂದೇ ಖಾಲಿ ಜಾಗವಾಗಿಸುವ ತಂತ್ರಾಂಶ ಕ್ಷೇತ್ರಕಾರ್ಯದ ಒಂದು ಮುಖ್ಯ ಮಾಹಿತಿಯನ್ನು ಕಳೆಯುತ್ತದೆ.

ವಿನ್ಯಾಸದ ಹೃದಯಭಾಗವೆಂದರೆ ತಿದ್ದುಪಡಿಯ ಚರಿತ್ರೆ. ಇದಕ್ಕೊಂದು ಪ್ರತ್ಯೇಕ ಕೋಷ್ಟಕ ಬೇಕು. ಅದರಲ್ಲಿ ದಾಖಲೆಯ ಸಂಖ್ಯೆ, ಅಂಕಣದ ಹೆಸರು, ಹಳೆಯ ರೂಪ, ಹೊಸ ರೂಪ, ತಿದ್ದಿದವರು, ದಿನಾಂಕ, ಕಾರಣ ಎಂಬ ಏಳು ಅಂಕಣಗಳಿದ್ದರೆ ಸಾಕು. ‘ಉಳಿಸು’ ಒತ್ತಿದಾಗಲೆಲ್ಲ ಇಲ್ಲಿ ಒಂದು ಸಾಲು ತಾನಾಗಿಯೇ ಸೇರುತ್ತದೆ. ದತ್ತಸಂಚಯಗಳಲ್ಲಿ ‘ಟ್ರಿಗರ್’ ಎಂಬ ಸೌಲಭ್ಯವಿದ್ದು, ಅದರ ಮೂಲಕ ಈ ಬರಹವನ್ನು ಸಂಚಯವೇ ಮಾಡುವಂತೆ ಏರ್ಪಡಿಸಿದರೆ ಬೇರೆ ತಂತ್ರಾಂಶದಿಂದ ತಿದ್ದಿದರೂ ಚರಿತ್ರೆ ತಪ್ಪುವುದಿಲ್ಲ. ಹಸ್ತಪ್ರತಿ ಸಂಪಾದನೆಯಲ್ಲಿ ಅಡಿಟಿಪ್ಪಣಿಯ ಪಾಠಾಂತರಗಳು ಮಾಡುವ ಕೆಲಸವನ್ನೇ ಈ ಕೋಷ್ಟಕ ಮಾಡುತ್ತದೆ. ಸಂಪಾದಕ ತನಗೆ ಸರಿಕಂಡ ಪಾಠವನ್ನು ಸ್ವೀಕರಿಸಿದರೂ ಬಿಟ್ಟ ಪಾಠವನ್ನು ಮರೆಮಾಚುವುದಿಲ್ಲ.

ಅಳಿಸುವ ವಿಷಯದಲ್ಲಿ ಹಳೆಯ ತಂತ್ರಾಂಶವೊಂದರಿಂದ ಕಲಿಯುವುದಿದೆ. 1980ರ ದಶಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಡಿಬೇಸ್‌ನಲ್ಲಿ ಅಳಿಸುವ ಆದೇಶ ಕೊಟ್ಟ ಕೂಡಲೇ ದಾಖಲೆ ಹೋಗುತ್ತಿರಲಿಲ್ಲ. ಅಳಿಸತಕ್ಕದ್ದು ಎಂಬ ಗುರುತು ಮಾತ್ರ ಬೀಳುತ್ತಿತ್ತು. ‘ರಿಕಾಲ್’ ಎಂಬ ಆದೇಶದಿಂದ ಅದನ್ನು ಮರಳಿ ಪಡೆಯಬಹುದಿತ್ತು. ‘ಪ್ಯಾಕ್’ ಎಂಬ ಆದೇಶ ಕೊಟ್ಟಾಗ ಮಾತ್ರ ದಾಖಲೆ ನಿಜವಾಗಿ ಇಲ್ಲವಾಗುತ್ತಿತ್ತು. ಜಾನಪದ ಸಂಗ್ರಹದ ತಂತ್ರಾಂಶದಲ್ಲಿ ಮೊದಲನೆಯ ಎರಡು ಇರಲಿ, ಮೂರನೆಯದು ಸಾಮಾನ್ಯ ಬಳಕೆದಾರರ ಕೈಗೆ ಸಿಗದಿರಲಿ.

ಇಬ್ಬರು ಏಕಕಾಲದಲ್ಲಿ ಒಂದೇ ದಾಖಲೆಯನ್ನು ತೆರೆದು ತಿದ್ದಿದರೆ, ನಂತರ ಉಳಿಸಿದವರ ರೂಪ ಮೊದಲಿನವರದನ್ನು ನುಂಗಿಹಾಕುವ ಅಪಾಯವಿದೆ. ಪ್ರತಿ ದಾಖಲೆಗೂ ಒಂದು ಆವೃತ್ತಿಸಂಖ್ಯೆಯನ್ನಿಟ್ಟರೆ ಇದನ್ನು ತಪ್ಪಿಸಬಹುದು. ನಾಲ್ಕನೆಯ ಆವೃತ್ತಿಯನ್ನು ತೆರೆದವರು ಉಳಿಸುವ ಹೊತ್ತಿಗೆ ಸಂಚಯದಲ್ಲಿ ಐದನೆಯದಿದ್ದರೆ, ತಂತ್ರಾಂಶ ಎರಡೂ ರೂಪಗಳನ್ನು ಅಕ್ಕಪಕ್ಕದಲ್ಲಿ ತೋರಿಸಿ ನಿರ್ಧಾರವನ್ನು ಅವರಿಗೇ ಬಿಡುತ್ತದೆ.

ಸಾಮೂಹಿಕ ಬದಲಾವಣೆಯನ್ನು ಸಂಪೂರ್ಣ ನಿಷೇಧಿಸುವುದು ಸಾಧುವಲ್ಲ. ಬೆರಳಚ್ಚಿನ ತಪ್ಪುಗಳನ್ನು ಸರಿಪಡಿಸಲು ಅದು ಬೇಕೇಬೇಕು. ಆದರೆ ಬದಲಾಗಲಿರುವ ಪ್ರತಿಯೊಂದು ಸಾಲನ್ನೂ ಮೊದಲು ಪಟ್ಟಿಮಾಡಿ ತೋರಿಸಬೇಕು, ಒಂದೊಂದಕ್ಕೂ ಒಪ್ಪಿಗೆಯ ಗುರುತು ಹಾಕಿಸಿಕೊಳ್ಳಬೇಕು. ಇಡೀ ಬದಲಾವಣೆಗೆ ಒಂದು ಸಂಖ್ಯೆ ಕೊಟ್ಟರೆ, ತಪ್ಪಾಯಿತೆಂದು ತಿಳಿದಾಗ ಅಷ್ಟನ್ನೂ ಒಟ್ಟಿಗೆ ಹಿಂತೆಗೆಯಬಹುದು.

5. ಪಠ್ಯದ ಪದರಗಳು

ಎಲ್ಲ ಅಂಕಣಗಳೂ ಒಂದೇ ರೀತಿ ತಿದ್ದತಕ್ಕವಲ್ಲ ಎಂಬುದನ್ನು ಮೂರು ನಿದರ್ಶನಗಳಿಂದ ಸ್ಪಷ್ಟಪಡಿಸಬಹುದು.

ಮೊದಲನೆಯದು ಪಠ್ಯ. ಮೌಖಿಕ ಪ್ರದರ್ಶನ ಬರಹವಾಗುವ ಪ್ರಕ್ರಿಯೆ ಎಷ್ಟು ಸಂಕೀರ್ಣವೆಂಬುದಕ್ಕೆ ತುಳುವಿನ ಸಿರಿ ಮಹಾಕಾವ್ಯದ ಸಂಪಾದನೆ ಸಾಕ್ಷಿ. ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ನಿರೂಪಿಸಿದ ಈ ಕಾವ್ಯವನ್ನು ಲೌರಿ ಹೊಂಕೊ ಅವರು ಚಿನ್ನಪ್ಪ ಗೌಡ, ಅನ್ನೆಲಿ ಹೊಂಕೊ ಹಾಗೂ ವಿವೇಕ ರೈ ಅವರೊಡನೆ 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಆ ಕಾವ್ಯದ ಜೊತೆಗೆ, ಅದು ಪಠ್ಯವಾದ ಬಗೆಯನ್ನು ವಿವರಿಸಲೆಂದೇ ಹೊಂಕೊ ಅದೇ ವರ್ಷ ಪ್ರತ್ಯೇಕ ಗ್ರಂಥವೊಂದನ್ನು ಪ್ರಕಟಿಸಿದುದು ಗಮನಾರ್ಹ. ಪಠ್ಯವಾಗಿಸಿದ ಪ್ರಕ್ರಿಯೆಯೂ ದಾಖಲೆಯ ಭಾಗವೆಂಬ ಈ ತಿಳಿವಳಿಕೆಯನ್ನು ತಂತ್ರಾಂಶವೂ ಪಾಲಿಸಬೇಕು. ಪಠ್ಯಕ್ಕೆ ಮೂರು ಪದರಗಳಿರಲಿ: ಕೇಳಿದಂತೆ ಬರೆದ ಪಾಠ, ಅದರ ಪ್ರಮಾಣರೂಪ, ಸಂಗ್ರಹಕಾರರ ಟಿಪ್ಪಣಿ. ಧ್ವನಿಯೊಡನೆ ತಾಳೆ ನೋಡಿದ ಮೇಲೆ ಮೊದಲ ಪದರಕ್ಕೆ ಬೀಗ ಬೀಳಬೇಕು. ಕೇಳಿಸಿಕೊಂಡದ್ದೇ ತಪ್ಪೆಂದು ಮುಂದೆ ಕಂಡುಬಂದರೆ ಹೊಣೆಗಾರರೊಬ್ಬರು ಮಾತ್ರ, ಕಾರಣ ಬರೆದು, ಆ ಬೀಗವನ್ನು ತೆರೆಯಬೇಕು. ‘ಅಕ್ಕಿ’ ಮೊದಲ ಪದರದಲ್ಲಿ ಅಕ್ಕಿಯಾಗಿಯೇ ಉಳಿದು, ಎರಡನೆಯದರಲ್ಲಿ ‘ಹಕ್ಕಿ’ ಎಂದು ಬರೆಯಲ್ಪಟ್ಟರೆ ಆಡುನುಡಿಯ ಅಧ್ಯಯನಕಾರರಿಗೂ ಪ್ರತಿಮೆಗಳ ಅಧ್ಯಯನಕಾರರಿಗೂ ತಮ್ಮ ತಮ್ಮ ಸಾಮಗ್ರಿ ದೊರೆಯುತ್ತದೆ.

ಎರಡನೆಯದು ಸ್ಥಳ. ಮಲೆ ಮಹದೇಶ್ವರ ಬೆಟ್ಟವಿರುವ ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರು ಜಿಲ್ಲೆಗೂ, 1997ರಲ್ಲಿ ಚಾಮರಾಜನಗರ ಜಿಲ್ಲೆಗೂ ಸೇರಿತು. ಬೆಟ್ಟವಿರುವ ಭಾಗ ಈಗ ಹನೂರು ತಾಲ್ಲೂಕಿನಲ್ಲಿದೆ. 1980ರಲ್ಲಿ ಸಂಗ್ರಹಿಸಿದ ಮಾದೇಶ್ವರನ ಕಥೆಯ ದಾಖಲೆಯಲ್ಲಿ ‘ಮೈಸೂರು ಜಿಲ್ಲೆ’ ಎಂದಿದ್ದರೆ ಅದು ತಪ್ಪಲ್ಲ. ಸಂಗ್ರಹಕಾಲದ ಆಡಳಿತ ವಿಭಾಗ ದಾಖಲೆಯಲ್ಲಿ ಬದಲಾಗದೆ ಉಳಿಯಬೇಕು. ಈಗಿನ ವಿಭಾಗ ಸ್ಥಳಗಳ ಕೋಷ್ಟಕದಲ್ಲಿ ಒಂದೇ ಕಡೆ ಇದ್ದು ಅಗತ್ಯ ಬಿದ್ದಾಗ ಬದಲಾಗಬೇಕು.

ಮೂರನೆಯದು ವರ್ಗೀಕರಣ. ಜನಪದ ಕಥೆಗಳಿಗೆ ಆಂಟಿ ಆರ್ನೆ 1910ರಲ್ಲಿ ರೂಪಿಸಿದ ವರ್ಗಸೂಚಿಯನ್ನು ಸ್ಟಿತ್ ಥಾಮ್ಸನ್ 1928ರಲ್ಲಿ ಹಾಗೂ 1961ರಲ್ಲಿ ವಿಸ್ತರಿಸಿದರು. ಹ್ಯಾನ್ಸ್-ಯೋರ್ಗ್ ಊಥರ್ 2004ರಲ್ಲಿ ಪರಿಷ್ಕರಿಸಿದರು. ಹೀಗಾಗಿ ವರ್ಗಸಂಖ್ಯೆಯೊಂದನ್ನೇ ಬರೆದರೆ ಸಾಲದು, ಯಾವ ಸೂಚಿಯ ಸಂಖ್ಯೆ ಎಂಬುದೂ ಪಕ್ಕದಲ್ಲಿರಬೇಕು. ಒಂದೇ ಕಥೆಯಲ್ಲಿ ಎರಡು ವರ್ಗಗಳು ಬೆರೆತಿರುವುದು ನಮ್ಮಲ್ಲಿ ಅಪರೂಪವಲ್ಲವಾದ್ದರಿಂದ ಇದೂ ಪ್ರತ್ಯೇಕ ಕೋಷ್ಟಕವೇ ಆಗಬೇಕು.

ಇವುಗಳೊಡನೆ ಅನುಮತಿಯ ಅಂಕಣವನ್ನೂ ಮರೆಯುವಂತಿಲ್ಲ. ಆಚರಣೆಯ ಸಂದರ್ಭದಲ್ಲಲ್ಲದೆ ಹೇಳಬಾರದ ಪಠ್ಯಗಳಿವೆ. ಹೆಂಗಸರ ನಡುವೆ ಮಾತ್ರ ಹಾಡುವ ಪದಗಳಿವೆ. ವಕ್ತೃ ಯಾವ ಮಟ್ಟಿನ ಬಳಕೆಗೆ ಒಪ್ಪಿದರು ಎಂಬುದು ದಾಖಲೆಯಲ್ಲಿದ್ದು, ನೋಡುವ ತೆರೆ ಅದನ್ನು ಪಾಲಿಸಬೇಕು. ಒಪ್ಪಿಗೆಯನ್ನು ಮುಂದೆ ಹಿಂತೆಗೆದುಕೊಂಡರೆ ಅದಕ್ಕೂ ಅವಕಾಶವಿರಬೇಕು.

6. ಅನುಷ್ಠಾನ

ಇಂತಹ ತಂತ್ರಾಂಶಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. 2000ದಲ್ಲಿ ಮೊದಲು ಬಿಡುಗಡೆಯಾದ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದುದು. ಇಡೀ ಸಂಚಯ ಒಂದೇ ಕಡತದಲ್ಲಿರುವುದರಿಂದ ಪ್ರತಿ ತೆಗೆದಿಡುವುದು ಸುಲಭ. ದತ್ತಾಂಶದ ಸಂರಕ್ಷಣೆಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಶಿಫಾರಸು ಮಾಡಿರುವ ರೂಪಗಳಲ್ಲಿ ಇದೂ ಒಂದು. ಹಲವು ಗಣಕಗಳಿಂದ ಹಲವರು ಒಟ್ಟಿಗೆ ತಿದ್ದುವ ದೊಡ್ಡ ಸಂಸ್ಥೆಗಳಿಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂತಹ, ಅದೂ ಉಚಿತವಾದ, ವ್ಯವಸ್ಥೆ ಸೂಕ್ತ.

ಯಾವುದನ್ನು ಬಳಸಿದರೂ ಮೂರು ನಿಯಮಗಳು ಅವಶ್ಯ. ಎಲ್ಲ ದಾಖಲೆಗಳನ್ನೂ ಸರಳ ಪಠ್ಯರೂಪದಲ್ಲಿ ಹೊರತೆಗೆಯುವ ಗುಂಡಿಯಿರಬೇಕು, ಏಕೆಂದರೆ ಸಾಮಗ್ರಿ ತಂತ್ರಾಂಶಕ್ಕಿಂತ ಹೆಚ್ಚು ಕಾಲ ಬದುಕಬೇಕು. ಪ್ರತಿಗಳು ಬೇರೆ ಬೇರೆ ಊರುಗಳಲ್ಲಿರಬೇಕು. ತಂತ್ರಾಂಶವನ್ನು ಬರೆಯುವ ಮೊದಲು ತೆರೆಗಳನ್ನು ಕಾಗದದ ಮೇಲೆ ಬರೆದು, ನೂರು ನಿಜವಾದ ಚೀಟಿಗಳನ್ನು ಅವುಗಳಲ್ಲಿ ತುಂಬಿ ನೋಡಬೇಕು. ಯಾವ ಚೀಟಿ ಎಲ್ಲಿ ಹೊಂದುವುದಿಲ್ಲ ಎಂಬುದು ಆಗಲೇ ತಿಳಿಯುತ್ತದೆ, ಮತ್ತು ಹಾಗೆ ಹೊಂದದ ಚೀಟಿಗಳೇ ಅಧ್ಯಯನದ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳವು. ಈ ಕೆಲಸದಲ್ಲಿ ಕ್ಷೇತ್ರಕಾರ್ಯ ಮಾಡಿದವರು ತಂತ್ರಜ್ಞರ ಪಕ್ಕದಲ್ಲಿ ಕುಳಿತಿರುವುದು ಅನಿವಾರ್ಯ.

7. ಸಮಾರೋಪ

ದಾಖಲೆಯನ್ನು ತಿದ್ದುವ ಗುಂಡಿ ಸಣ್ಣದು. ಅದರ ಹಿಂದಿರುವ ಅಧಿಕಾರ ಸಣ್ಣದಲ್ಲ. ಜಾನಪದದಲ್ಲಿ ತಪ್ಪು ಎಂದು ನಮಗೆ ಕಂಡದ್ದು ಬಹುವೇಳೆ ಒಂದು ಊರಿನ ನುಡಿ, ಒಂದು ಕಾಲದ ಗಡಿ, ಒಬ್ಬ ಹಾಡುಗಾರ್ತಿಯ ಆಯ್ಕೆ ಆಗಿರುತ್ತದೆ. ತಿದ್ದುಪಡಿಗೆ ಪ್ರತ್ಯೇಕ ಜಾಗವನ್ನೂ ತಿದ್ದಿದ್ದಕ್ಕೆ ಚರಿತ್ರೆಯನ್ನೂ ಒದಗಿಸುವ ತಂತ್ರಾಂಶ ಮಾತ್ರ ಇವುಗಳನ್ನು ಕಾಪಾಡಬಲ್ಲದು.

ಆರಂಭದಲ್ಲಿ ಹೇಳಿದ ಹಾಡುಗಳಲ್ಲಿ ಹೆಚ್ಚಿನವನ್ನು ಟಿಪ್ಪಣಿ ಪುಸ್ತಕಗಳ ನೆರವಿನಿಂದ ಮೂಲರೂಪಕ್ಕೆ ತರಲಾಯಿತು. ಪುಸ್ತಕ ಉಳಿಯದ ಕಡೆ ಧ್ವನಿಸುರುಳಿಗಳನ್ನು ಕೇಳಿ ಸರಿಪಡಿಸಿದ್ದಾಯಿತು. ಕೆಲವು ಸುರುಳಿಗಳು ಬೂಷ್ಟು ಹಿಡಿದು ಕೇಳಲು ಬಾರದಂತಾಗಿದ್ದವು. ಮತ್ತೆ ಕೇಳೋಣವೆಂದರೆ ಆ ಹಿರಿಯ ಹಾಡುಗಾರ್ತಿ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಅಂತಹ ದಾಖಲೆಗಳ ಟಿಪ್ಪಣಿಯ ಅಂಕಣದಲ್ಲಿ ಈಗ ಹೀಗೆ ಬರೆದಿದೆ: “ಧ್ವನಿ ಲಭ್ಯವಿಲ್ಲ, ಅಕ್ಕಿಯೋ ಹಕ್ಕಿಯೋ ತಿಳಿಯದು.”